ಊರು ಕಲಿಸುವ ಸ್ಪ್ಯಾನಿಷ್

ಭಾಷೆ ಓದುವ ವಿದ್ಯಾರ್ಥಿಗೆ ಆ ಭಾಷೆಯ ನೆಲದಲ್ಲಿ ಬಾಳುವುದು ಪದವಿಯ ಅರ್ಧ ಭಾಗ. ಎಂಟು ಶತಮಾನಗಳಿಂದ ಪಾಠ ಹೇಳುತ್ತಿರುವ ಸಲಮಾಂಕಾ ಊರನ್ನು ಮುಂದಿಟ್ಟುಕೊಂಡು ಒಂದು ನೋಟ.

ಸ್ಪೇನಿನ ರಾಜಧಾನಿ ಮ್ಯಾಡ್ರಿಡ್‌ನಿಂದ ಪಶ್ಚಿಮಕ್ಕೆ ಇನ್ನೂರು ಕಿಲೋಮೀಟರಿಗೆ ಮೇಲ್ಪಟ್ಟ ದೂರದಲ್ಲಿ, ತೋರ್ಮೆಸ್ ನದಿಯ ದಂಡೆಯಲ್ಲಿ ಸಲಮಾಂಕಾ ಇದೆ. ಒಂದೂವರೆ ಲಕ್ಷಕ್ಕೂ ಕಡಿಮೆ ಜನರ ಊರು. ಹಳೆಯ ಕಟ್ಟಡಗಳನ್ನೆಲ್ಲ ಪಕ್ಕದ ವಿಯ್ಯಮಯೋರ್ ಹಳ್ಳಿಯ ಮರಳುಗಲ್ಲಿನಲ್ಲಿ ಕಟ್ಟಿರುವುದರಿಂದ ಸಂಜೆ ಬಿಸಿಲಿಗೆ ಊರಿಗೆ ಊರೇ ಹೊಂಬಣ್ಣಕ್ಕೆ ತಿರುಗುತ್ತದೆ. ಗೋಡೆಗಳ ಮೇಲೆ ಅಲ್ಲಲ್ಲಿ ಕೆಂಗಂದು ಅಕ್ಷರದ ಹೆಸರುಗಳು ಕಾಣುತ್ತವೆ. ಡಾಕ್ಟರೇಟ್ ಪಡೆದವರ ಹೆಸರನ್ನು ‘ವೀತೋರ್’ ಎಂಬ ವಿಜಯದ ಗುರುತಿನೊಂದಿಗೆ ಗೋಡೆಯ ಮೇಲೆ ಬರೆಯುವುದು ಇಲ್ಲಿನ ಹಳೆಯ ಪದ್ಧತಿ. ಹಿಂದೆ ಆ ಬಣ್ಣಕ್ಕೆ ಹೋರಿಯ ನೆತ್ತರು ಬೆರೆಸುತ್ತಿದ್ದರು ಎಂದು ಊರವರು ಹೇಳುತ್ತಾರೆ.

ಲೆಯೋನ್ ರಾಜ್ಯದ ದೊರೆ ಒಂಬತ್ತನೆಯ ಅಲ್ಫೊನ್ಸೊ 1218ರಲ್ಲಿ ಸ್ಥಾಪಿಸಿದ ಇಲ್ಲಿನ ವಿಶ್ವವಿದ್ಯಾಲಯ, ಸ್ಪೇನಿನಲ್ಲಿ ಇಂದಿಗೂ ನಡೆಯುತ್ತಿರುವ ವಿಶ್ವವಿದ್ಯಾಲಯಗಳಲ್ಲಿ ಅತಿ ಹಳೆಯದು. 1929ರಲ್ಲಿ ಅದು ಪರದೇಶಿಗರಿಗೆಂದೇ ಸ್ಪ್ಯಾನಿಷ್ ತರಗತಿಗಳನ್ನು ಆರಂಭಿಸಿತು. ಅಂದಿನಿಂದ ಅಮೆರಿಕ, ಜಪಾನ್, ಬ್ರೆಜಿಲ್, ಚೀನಾ, ಇಂಗ್ಲೆಂಡ್ ಎಂದು ಎಲ್ಲೆಲ್ಲಿಂದಲೋ ವಿದ್ಯಾರ್ಥಿಗಳು ಬರುತ್ತಿದ್ದಾರೆ. ಅವರಲ್ಲಿ ಬಹುತೇಕರು ತಮ್ಮ ದೇಶದಲ್ಲೇ ಒಂದೆರಡು ವರ್ಷ ಸ್ಪ್ಯಾನಿಷ್ ಓದಿರುತ್ತಾರೆ. ಕ್ರಿಯಾಪದದ ಪಟ್ಟಿಗಳು ಬಾಯಿಗೆ ಬಂದಿರುತ್ತವೆ, ಪರೀಕ್ಷೆಗಳೂ ಪಾಸಾಗಿರುತ್ತವೆ. ಆದರೂ ಇಲ್ಲಿಗೆ ಬಂದ ಮೊದಲ ವಾರ ಬ್ರೆಡ್ಡಿನ ಅಂಗಡಿಯಲ್ಲಿ ಹಿಂದಿನವರು ಕಾಯುತ್ತಿರುವಾಗ ಅವರ ಬಾಯಿ ಕಟ್ಟುತ್ತದೆ. ಆ ಅಂಗಡಿಯ ಮುಂದೆ ಶುರುವಾಗುವ ಪಾಠವನ್ನು ಯಾವ ಪಠ್ಯಪುಸ್ತಕವೂ ಕೊಡಲಾರದು. ಭಾಷೆಯನ್ನು ಪದವಿ ಮಟ್ಟದಲ್ಲಿ ಕಲಿಸುವ ದೇಶಗಳು ಈ ಸಂಗತಿಯನ್ನು ಅರಿತು, ವಿದೇಶವಾಸವನ್ನು ಪಠ್ಯಕ್ರಮದೊಳಕ್ಕೇ ತಂದುಕೊಂಡಿವೆ. ನಾವು ಇನ್ನೂ ತಂದುಕೊಂಡಿಲ್ಲ.

ತರಗತಿಯಲ್ಲಿ ಲ್ಯಾಟಿನ್, ಬೀದಿಯಲ್ಲಿ ಕಸ್ತೀಯ

ಇಂದು ಸ್ಪ್ಯಾನಿಷ್ ಕಲಿಸುವುದಕ್ಕೆ ಹೆಸರಾದ ಸಲಮಾಂಕಾದಲ್ಲಿ ಶತಮಾನಗಳ ಕಾಲ ಪಾಠದ ಭಾಷೆ ಲ್ಯಾಟಿನ್ ಆಗಿತ್ತು. ಸ್ಪ್ಯಾನಿಷ್‌ನ ಇನ್ನೊಂದು ಹೆಸರಾದ ಕಸ್ತೀಯದ ನುಡಿ ಸಂತೆಯಲ್ಲಿ, ಅಡುಗೆಮನೆಯಲ್ಲಿ, ಬೀದಿಯಲ್ಲಿ ಆಡುವಂಥದ್ದು. ಅದಕ್ಕೂ ನಿಯಮಗಳಿವೆ, ಅದನ್ನೂ ಶಾಸ್ತ್ರವಾಗಿ ಕಲಿಸಬಹುದು ಎಂದು ತೋರಿಸಿದವರು ಇಲ್ಲಿಯೇ ಲ್ಯಾಟಿನ್ ಕಲಿಸುತ್ತಿದ್ದ ಆಂತೋನಿಯೊ ದೆ ನೆಬ್ರಿಹಾ. ಅವರು ಬರೆದ ಕಸ್ತೀಯ ನುಡಿಯ ವ್ಯಾಕರಣ 1492ರ ಆಗಸ್ಟ್ 18ರಂದು ಸಲಮಾಂಕಾದಲ್ಲಿ ಅಚ್ಚಾಯಿತು. ಯುರೋಪಿನ ಆಡುನುಡಿಯೊಂದಕ್ಕೆ ಮುದ್ರಿತ ವ್ಯಾಕರಣ ಬಂದದ್ದು ಅದೇ ಮೊದಲು. ಅದಕ್ಕೆ ಹದಿನೈದು ದಿನ ಮುಂಚೆ ಕೊಲಂಬಸ್ ಪಾಲೋಸ್ ಬಂದರಿನಿಂದ ಹಡಗು ಬಿಟ್ಟಿದ್ದ. ಕೇಶಿರಾಜ ಹದಿಮೂರನೆಯ ಶತಮಾನದಲ್ಲೇ ಕನ್ನಡದ ವ್ಯಾಕರಣವನ್ನು ಕನ್ನಡದಲ್ಲೇ ಬರೆದಿದ್ದನ್ನು ಬಲ್ಲ ನಮಗೆ ನೆಬ್ರಿಹಾ ಕೈಗೊಂಡ ಕೆಲಸದ ತೂಕ ಸುಲಭವಾಗಿ ಅರ್ಥವಾಗುತ್ತದೆ.

ನೆಬ್ರಿಹಾರ ಪುಸ್ತಕದಲ್ಲಿ ಐದು ಭಾಗಗಳಿವೆ. ಐದನೆಯದು ಬೇರೆ ಭಾಷೆಯ ಜನ ಕಸ್ತೀಯ ನುಡಿಯನ್ನು ಕಲಿಯಲೆಂದು ಬರೆದದ್ದು. ಅಂದರೆ ಸ್ಪ್ಯಾನಿಷ್‌ನ ಮೊದಲ ವ್ಯಾಕರಣದೊಳಗೇ ಪರದೇಶಿ ವಿದ್ಯಾರ್ಥಿಗೆ ಒಂದು ಜಾಗವಿತ್ತು. ಆದರೆ ಅದೇ ಪುಸ್ತಕವನ್ನು ರಾಣಿ ಇಸಬೆಲ್‌ಗೆ ಅರ್ಪಿಸುತ್ತ, ಭಾಷೆ ಸಾಮ್ರಾಜ್ಯದ ಸಂಗಾತಿ ಎಂಬರ್ಥದ ಮಾತನ್ನೂ ನೆಬ್ರಿಹಾ ಬರೆದರು. ಮುಂದೆ ನಡೆದದ್ದು ಹಾಗೆಯೇ. ಸ್ಪ್ಯಾನಿಷ್ ಅಮೆರಿಕ ಖಂಡಕ್ಕೆ ಕಲಿಯುವವರ ಬಯಕೆಯಿಂದ ಹೋಗಲಿಲ್ಲ, ಗೆದ್ದವರ ಜೊತೆ ಹೋಯಿತು. ಆ ಗೆಲುವಿನ ನ್ಯಾಯವನ್ನು ಪ್ರಶ್ನಿಸಿದ ದನಿಯೂ ಇದೇ ವಿಶ್ವವಿದ್ಯಾಲಯದಲ್ಲಿ ಎದ್ದಿತು. ದೇವಶಾಸ್ತ್ರದ ಪ್ರಾಧ್ಯಾಪಕ ಫ್ರಾನ್ಸಿಸ್ಕೊ ದೆ ವಿತೋರಿಯಾ 1539ರ ಉಪನ್ಯಾಸಗಳಲ್ಲಿ, ಅಮೆರಿಕದ ಮೂಲನಿವಾಸಿಗಳೇ ತಮ್ಮ ನೆಲದ ನಿಜವಾದ ಒಡೆಯರು ಎಂದು ವಾದಿಸಿದರು. ಸ್ಪ್ಯಾನಿಷ್ ಕಲಿಯುವವನು ಈ ಎರಡು ಮುಖಗಳನ್ನೂ ಒಟ್ಟಿಗೆ ಕಲಿಯಬೇಕಾಗುತ್ತದೆ.

ಹಳೆಯ ಕಟ್ಟಡದಲ್ಲಿ ಫ್ರಾಯ್ ಲೂಯಿಸ್ ದೆ ಲೆಯೋನ್ ಎಂಬ ಕವಿ-ಪ್ರಾಧ್ಯಾಪಕ ಪಾಠ ಹೇಳುತ್ತಿದ್ದ ಕೋಣೆಯನ್ನು ಹಾಗೆಯೇ ಉಳಿಸಿದ್ದಾರೆ. ಒರಟಾಗಿ ಕೆತ್ತಿದ ಮರದ ದಿಮ್ಮಿಗಳೇ ಅಲ್ಲಿನ ಬೆಂಚುಗಳು. ಬೈಬಲ್ಲಿನ ಪರಮಗೀತವನ್ನು ಲ್ಯಾಟಿನ್ ಬಾರದವರಿಗೂ ತಿಳಿಯುವಂತೆ ಕಸ್ತೀಯಕ್ಕೆ ತಂದದ್ದು ಅವರ ಮೇಲಿನ ಆರೋಪಗಳಲ್ಲೊಂದು. ಧರ್ಮವಿಚಾರಣಾ ಮಂಡಳಿ ಅವರನ್ನು 1572ರಿಂದ 1576ರವರೆಗೆ ಸೆರೆಯಲ್ಲಿಟ್ಟಿತು. ಜನರ ನುಡಿ ಈ ವಿದ್ಯಾಸಂಸ್ಥೆಯ ಬಾಗಿಲು ದಾಟಿ ಒಳಗೆ ಬರಲು ಇಂಥ ಬೆಲೆ ತೆರಬೇಕಾಯಿತು. ಇಂದು ಆ ಕೋಣೆಯ ಆಚೀಚೆ ನಿಂತು ಸ್ಪ್ಯಾನಿಷ್‌ನಲ್ಲಿ ಮಾತಾಡುವ ಕೊರಿಯಾದ, ಕೀನ್ಯಾದ ಹುಡುಗ ಹುಡುಗಿಯರು ಆ ದೀರ್ಘ ಚರಿತ್ರೆಯ ಫಲವನ್ನು ಉಣ್ಣುತ್ತಿದ್ದಾರೆ.

ಪದವಿಯೊಳಗಿನ ಪರದೇಶ

ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ಸ್ಪ್ಯಾನಿಷ್ ಪದವಿ ಸಾಮಾನ್ಯವಾಗಿ ನಾಲ್ಕು ವರ್ಷದ್ದು. ಮೂರನೆಯ ವರ್ಷ ವಿದ್ಯಾರ್ಥಿ ತನ್ನ ಊರಿನಲ್ಲಿರುವುದಿಲ್ಲ. ಸ್ಪ್ಯಾನಿಷ್ ಆಡುವ ದೇಶದ ವಿಶ್ವವಿದ್ಯಾಲಯವೊಂದರಲ್ಲಿ ಅಲ್ಲಿನವರ ಜೊತೆ ಕುಳಿತು ಓದಬಹುದು, ಶಾಲೆಯೊಂದರಲ್ಲಿ ಇಂಗ್ಲಿಷ್ ಪಾಠಕ್ಕೆ ಸಹಾಯಕರಾಗಬಹುದು, ಇಲ್ಲವೇ ಕಚೇರಿಯೊಂದರಲ್ಲಿ ಕೆಲಸ ಮಾಡಬಹುದು. ಶಾಲಾ ಸಹಾಯಕರ ಏರ್ಪಾಡು 1905ರಷ್ಟು ಹಿಂದೆಯೇ ಬ್ರಿಟನ್ ಮತ್ತು ಫ್ರಾನ್ಸ್ ನಡುವೆ ಆರಂಭವಾಗಿ, ಆಮೇಲೆ ಸ್ಪೇನಿಗೂ ಬೇರೆ ದೇಶಗಳಿಗೂ ಹಬ್ಬಿತು. ನಾಲ್ಕನೆಯ ವರ್ಷಕ್ಕೆ ಮರಳುವ ವಿದ್ಯಾರ್ಥಿಗಳ ಮಾತಿನ ಓಟವೇ ಬೇರೆಯಾಗಿರುತ್ತದೆ.

ಯುರೋಪಿನ ಉಳಿದ ದೇಶಗಳಿಗೆ ಈ ಅವಕಾಶ ದೊಡ್ಡದಾಗಿ ತೆರೆದದ್ದು 1987ರಲ್ಲಿ, ಎರಾಸ್ಮಸ್ ಯೋಜನೆಯಿಂದ. ಮೊದಲ ವರ್ಷ ಹನ್ನೊಂದು ದೇಶಗಳ 3,244 ವಿದ್ಯಾರ್ಥಿಗಳು ಅದರಡಿ ಹೊರಟರು. ಆ ಯೋಜನೆಯ ಹಿಂದೆ ಒಬ್ಬ ಹೆಣ್ಣುಮಗಳ ಅವಮಾನದ ಕಥೆಯಿದೆ. ಇಟಲಿಯ ಸೋಫಿಯಾ ಕೊರ್ರಾದಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ 1958ರಲ್ಲಿ ರೋಮ್‌ಗೆ ಮರಳಿದಾಗ, ಅಲ್ಲಿ ಓದಿದ್ದನ್ನು ಲೆಕ್ಕಕ್ಕೆ ಹಿಡಿಯಲು ಅವರ ವಿಶ್ವವಿದ್ಯಾಲಯ ಒಪ್ಪಲಿಲ್ಲ. ಹೊರದೇಶದಲ್ಲಿ ಓದಿದ ಓದು ಊರಿನ ಓದಿಗೆ ಸಮ ಎಂದು ಕಾನೂನು ಹೇಳಬೇಕೆಂದು ಅವರು ದಶಕಗಳ ಕಾಲ ಹೋರಾಡಿದರು. ‘ಎರಾಸ್ಮಸ್ ತಾಯಿ’ ಎಂದೇ ಹೆಸರಾದ ಅವರಿಗೆ 2016ರಲ್ಲಿ ಸ್ಪೇನಿನ ಕಾರ್ಲೊಸ್ ಐದನೆಯವನ ಹೆಸರಿನ ಪ್ರಶಸ್ತಿ ಸಂದಿತು. ಸ್ಪೇನ್ ಇಂದು ಎರಾಸ್ಮಸ್ ವಿದ್ಯಾರ್ಥಿಗಳನ್ನು ಅತಿ ಹೆಚ್ಚು ಬರಮಾಡಿಕೊಳ್ಳುವ ದೇಶಗಳ ಮುಂಚೂಣಿಯಲ್ಲಿದೆ.

ಈ ಓಡಾಟ ಸಾಧ್ಯವಾಗಲು ಒಂದು ಲೆಕ್ಕದ ವ್ಯವಸ್ಥೆಯೂ ಬೇಕಿತ್ತು. ಯುರೋಪಿನ ಕ್ರೆಡಿಟ್ ಪದ್ಧತಿಯಲ್ಲಿ ಒಂದು ವರ್ಷದ ಓದು ಎಂದರೆ 60 ಕ್ರೆಡಿಟ್. ಸ್ಪೇನಿನ ನಾಲ್ಕು ವರ್ಷದ ಪದವಿಗೆ 240. ಸಲಮಾಂಕಾದಲ್ಲಿ ಗಳಿಸಿದ 30 ಕ್ರೆಡಿಟ್ ಬರ್ಲಿನ್‌ನಲ್ಲೂ ವಾರ್ಸಾದಲ್ಲೂ 30 ಕ್ರೆಡಿಟ್ಟೇ. ಹೊರಗೆ ಕಳೆದ ಆರು ತಿಂಗಳು ‘ಹಾಳಾದ ಸೆಮಿಸ್ಟರ್’ ಆಗದಂತೆ ಕಾಯುವುದು ಈ ಒಣ ಅಂಕಿಗಳೇ.

ಮನೆ, ಕಾಗದ, ಗಡಿಯಾರ

ಹೊರಗಿನಿಂದ ಬಂದ ವಿದ್ಯಾರ್ಥಿಯ ಮೊದಲ ನಿಜವಾದ ಮೌಖಿಕ ಪರೀಕ್ಷೆ ಬಾಡಿಗೆ ಮನೆ ಹುಡುಕುವಾಗ ನಡೆಯುತ್ತದೆ. ಸ್ಪೇನಿನ ವಿದ್ಯಾರ್ಥಿ ಊರುಗಳಲ್ಲಿ ಮೂರು ನಾಲ್ಕು ಜನ ಸೇರಿ ಒಂದು ಮನೆ ಹಿಡಿಯುವುದು ವಾಡಿಕೆ. ಮುಂಗಡ ಎಷ್ಟು, ಬೆಚ್ಚಗಿಡುವ ಯಂತ್ರದ ಖರ್ಚು ಬಾಡಿಗೆಯಲ್ಲಿ ಸೇರಿದೆಯೇ, ಅಡುಗೆಮನೆ ಯಾರು ಯಾವಾಗ ಬಳಸಬೇಕು ಎಂಬುದೆಲ್ಲ ಫೋನಿನಲ್ಲಿ, ಮುಖ ಕಾಣದವರ ಜೊತೆ ಮಾತಾಡಿ ಇತ್ಯರ್ಥವಾಗಬೇಕು. ಬಿಸಿಯ ವಿಚಾರ ಇಲ್ಲಿ ಸಣ್ಣದಲ್ಲ. ಸಲಮಾಂಕಾ ಇರುವುದು ಸುಮಾರು 800 ಮೀಟರ್ ಎತ್ತರದ ಪ್ರಸ್ಥಭೂಮಿಯಲ್ಲಿ. ಬೆಂಗಳೂರಿಗಿಂತ ತಗ್ಗಿನಲ್ಲಿದ್ದರೂ ಚಳಿಗಾಲದ ರಾತ್ರಿ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿಯುತ್ತದೆ.

ಆಮೇಲೆ ಕಾಗದಪತ್ರಗಳು. ಊರಿನ ನಗರಸಭೆಯಲ್ಲಿ ತನ್ನ ವಿಳಾಸ ನೋಂದಾಯಿಸಬೇಕು. ಆರು ತಿಂಗಳಿಗಿಂತ ಹೆಚ್ಚು ಇರುವ ಭಾರತದಂಥ ದೇಶಗಳ ವಿದ್ಯಾರ್ಥಿ, ಬಂದ ಒಂದು ತಿಂಗಳೊಳಗೆ ವಿದೇಶಿಯರ ಗುರುತಿನ ಚೀಟಿಗೆ ಅರ್ಜಿ ಹಾಕಬೇಕು. ವೀಸಾಕ್ಕೆ ಮೊದಲೇ ಖರ್ಚಿಗೆ ಹಣವಿದೆ ಎಂದು ತೋರಿಸಿರಬೇಕು. ಅದಕ್ಕೆ ಸ್ಪೇನ್ ಸರ್ಕಾರದ ‘ಇಪ್ರೆಮ್’ ಎಂಬ ಆದಾಯ ಸೂಚಕವೇ ಅಳತೆಗೋಲು. 2023ರಿಂದ ಅದು ತಿಂಗಳಿಗೆ 600 ಯೂರೊ. ಓದಿನ ಜೊತೆಗೆ ವಾರಕ್ಕೆ 30 ಗಂಟೆಯವರೆಗೆ ದುಡಿಯಲು ವಿದ್ಯಾರ್ಥಿಗಳಿಗೆ ಅವಕಾಶವಿದೆ. ಕಚೇರಿಯ ಸಾಲಿನಲ್ಲಿ ನಿಂತು, ಯಾವ ನಮೂನೆ, ಯಾವ ಶುಲ್ಕ ಎಂದು ಕೇಳಿ, ಹೇಳಿದ್ದು ತಿಳಿಯದೆ ಮತ್ತೆ ಕೇಳಿ ಕೆಲಸ ಮುಗಿಸಿಕೊಂಡು ಬಂದವರಿಗೆ ವಿನಯದ ಕ್ರಿಯಾರೂಪಗಳು ಮುಂದೆಂದೂ ಮರೆಯುವುದಿಲ್ಲ.

ಗಡಿಯಾರವನ್ನೂ ಹೊಸದಾಗಿ ಕಲಿಯಬೇಕು. ಮಧ್ಯಾಹ್ನದ ಊಟ ಎರಡು ಮೂರು ಗಂಟೆಗೆ, ರಾತ್ರಿಯದು ಒಂಬತ್ತು ದಾಟಿದ ಮೇಲೆ. ಅದಕ್ಕೊಂದು ಕಾರಣ ಭೂಪಟದಲ್ಲಿದೆ. ಸ್ಪೇನಿನ ಬಹುಭಾಗ ಗ್ರೀನ್‌ವಿಚ್ ರೇಖೆಗೆ ಪಶ್ಚಿಮದಲ್ಲಿದ್ದರೂ 1940ರಲ್ಲಿ ದೇಶ ಮಧ್ಯ ಯುರೋಪಿನ ಸಮಯಕ್ಕೆ ಗಡಿಯಾರ ತಿರುಗಿಸಿತು, ಮತ್ತೆ ಹಿಂದಕ್ಕೆ ತಿರುಗಿಸಲಿಲ್ಲ. ಹಾಗಾಗಿ ಜೂನ್ ತಿಂಗಳಲ್ಲಿ ಸಲಮಾಂಕಾದಲ್ಲಿ ಸೂರ್ಯ ಮುಳುಗುವಾಗ ಹತ್ತು ಗಂಟೆ ಹತ್ತಿರವಾಗಿರುತ್ತದೆ. ಊಟ ಮುಗಿದ ಮೇಲೂ ಎಲೆ ಬಿಟ್ಟೇಳದೆ ಗಂಟೆಗಟ್ಟಲೆ ಹರಟುವುದು ಅಲ್ಲಿನ ರೂಢಿ. ಭಾಷಾ ವಿದ್ಯಾರ್ಥಿಗೆ ದಿನದಲ್ಲಿ ಅದಕ್ಕಿಂತ ಹಿರಿದಾದ ತರಗತಿ ಇನ್ನೊಂದಿಲ್ಲ.

ನಮ್ಮ ಕಡೆಯ ಸಸ್ಯಾಹಾರಿಗಳಿಗೆ ಇಲ್ಲೊಂದು ಕಠಿಣ ಅಧ್ಯಾಯ ಕಾದಿರುತ್ತದೆ. ಈ ಸೀಮೆ ಹಂದಿಮಾಂಸಕ್ಕೆ ಪ್ರಸಿದ್ಧ. ಮಾಂಸ ಬೇಡವೆಂದು ಹೇಳಿದರೆ ಟ್ಯೂನಾ ಮೀನು ಹಾಕಿ ಕೊಡುವುದುಂಟು. ಆದ್ದರಿಂದ ಬೇಡದ್ದನ್ನೆಲ್ಲ ಒಂದೊಂದಾಗಿ ಹೆಸರಿಸಿ ಹೇಳಬೇಕು. ಅದೇ ಸೀಮೆಯಲ್ಲಿ, ಸಲಮಾಂಕಾದ ಉತ್ತರಕ್ಕಿರುವ ಲಾ ಅರ್ಮುನ್ಯಾ ಬಯಲಿನಲ್ಲಿ ಬೆಳೆಯುವ ಮಸೂರಬೇಳೆಗೆ ಯುರೋಪಿನ ಭೌಗೋಳಿಕ ಮಾನ್ಯತೆ ಇದೆ. ಕಡಲೆಕಾಳು ಅಲ್ಲಿನ ಮನೆಮನೆಯ ಆಹಾರ. ಬಾಡಿಗೆ ಮನೆಯ ಒಲೆಯ ಮೇಲೆ ಆ ಬೇಳೆಗೆ ಒಗ್ಗರಣೆ ಬಿದ್ದಾಗ ಪಕ್ಕದ ಕೋಣೆಯವರು ಬಂದು ಏನಿದು ಎಂದು ಕೇಳುತ್ತಾರೆ. ಅಲ್ಲಿಂದ ಮುಂದಿನ ಮಾತುಕತೆಗೆ ಗುರುಗಳು ಬೇಕಾಗುವುದಿಲ್ಲ.

ಕನ್ನಡದ ಕಿವಿಗೆ ಸ್ಪ್ಯಾನಿಷ್

ಸ್ಪ್ಯಾನಿಷ್ ಜನ ಬಹಳ ವೇಗವಾಗಿ ಮಾತಾಡುತ್ತಾರೆ ಎಂಬುದು ಹೊಸಬರೆಲ್ಲರ ದೂರು. ಅದು ನಿಜವೂ ಹೌದು. 2011ರಲ್ಲಿ ಫ್ರಾನ್ಸಿನ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ ಸ್ಪ್ಯಾನಿಷ್ ಮಾತು ಸೆಕೆಂಡಿಗೆ ಸರಾಸರಿ 7.82 ಉಚ್ಚಾರಾಂಶದ ವೇಗದಲ್ಲಿ ಸಾಗಿದರೆ ಇಂಗ್ಲಿಷ್ 6.19ರಲ್ಲಿ ಸಾಗಿತ್ತು. ಸ್ಪ್ಯಾನಿಷ್‌ನ ಒಂದೊಂದು ಉಚ್ಚಾರಾಂಶ ಹೊರುವ ಅರ್ಥದ ಹೊರೆ ಕಡಿಮೆ, ಆದ್ದರಿಂದ ಅವು ಬೇಗ ಬೇಗ ಓಡುತ್ತವೆ ಎಂಬುದು ಆ ಸಂಶೋಧಕರು ಕೊಟ್ಟ ವಿವರಣೆ. ಜೊತೆಗೆ ಒಂದು ಪದದ ಕೊನೆಯ ಸ್ವರ ಮುಂದಿನ ಪದದ ಮೊದಲ ಸ್ವರದೊಡನೆ ಬೆಸೆದುಕೊಳ್ಳುತ್ತದೆ. ಸಂಧಿ ಮಾಡಿ ಮಾತಾಡುವ ಕನ್ನಡಿಗರಿಗೆ ಈ ಬೆಸುಗೆ ಹೊಸತಲ್ಲ. ಬರಹದಲ್ಲಿ ಬಿಡಿಬಿಡಿಯಾಗಿ ಕಾಣುವ ಪದಗಳು ಬಾಯಲ್ಲಿ ಒಂದಾಗುತ್ತವೆ ಎಂದು ತಿಳಿದ ಮೇಲೆ ಕಿವಿ ತಾನಾಗಿ ಹೊಂದಿಕೊಳ್ಳುತ್ತದೆ.

ಉಚ್ಚಾರದಲ್ಲಿ ನಮಗೆ ಇನ್ನಷ್ಟು ಅನುಕೂಲವಿದೆ. ಸ್ಪ್ಯಾನಿಷ್‌ಗೆ ಇರುವುದು ಅ, ಎ, ಇ, ಒ, ಉ ಎಂಬ ಐದು ಶುದ್ಧ ಸ್ವರಗಳು. ಅದರ ಪ, ತ, ಕಗಳಲ್ಲಿ ಉಸಿರಿನ ಹೊಡೆತವಿಲ್ಲ, ತ ಮತ್ತು ದ ಹಲ್ಲಿಗೆ ತಾಗಿ ಹುಟ್ಟುತ್ತವೆ. ಇಂಗ್ಲಿಷ್ ಮಾತೃಭಾಷೆಯವರು ತಿಂಗಳುಗಟ್ಟಲೆ ತಿದ್ದಿಕೊಳ್ಳುವ ಈ ಧ್ವನಿಗಳು ನಮ್ಮ ನಾಲಗೆಗೆ ಹುಟ್ಟಿನಿಂದ ಬಂದವು. ವ್ಯಾಕರಣದಲ್ಲೂ ಹೀಗೆಯೇ. ‘ಬಂದೆ’ ಎಂದರೆ ಸಾಕು, ‘ನಾನು’ ಬೇಕಿಲ್ಲ. ಸ್ಪ್ಯಾನಿಷ್ ಕ್ರಿಯಾಪದವೂ ಕರ್ತೃವನ್ನು ತನ್ನ ತುದಿಯಲ್ಲೇ ಹೊತ್ತಿರುತ್ತದೆ. ಇಷ್ಟವಾಗುವುದು, ನೋಯುವುದು ನಮ್ಮಲ್ಲಿ ‘ನನಗೆ’ ಆಗುವ ಸಂಗತಿಗಳು, ಸ್ಪ್ಯಾನಿಷ್‌ನಲ್ಲೂ ಹಾಗೆಯೇ. ‘ಪುಸ್ತಕ ಓದಿದೆ’ ಎನ್ನುವ ನಾವು ‘ತಂಗಿ ನೋಡಿದೆ’ ಎನ್ನುವುದಿಲ್ಲ, ‘ತಂಗಿಯನ್ನು ನೋಡಿದೆ’ ಎನ್ನುತ್ತೇವೆ. ಕರ್ಮಪದ ಮನುಷ್ಯರಾಗಿದ್ದಾಗ ಒಂದು ಗುರುತು ಹಚ್ಚಬೇಕೆಂಬ ಇದೇ ಬಗೆಯ ನಿಯಮ ಸ್ಪ್ಯಾನಿಷ್‌ನಲ್ಲೂ ಇದೆ. ಇಂಗ್ಲಿಷಿನ ಮೂಲಕ ಸ್ಪ್ಯಾನಿಷ್ ಕಲಿಸುವ ಪುಸ್ತಕಗಳು ಇವನ್ನು ವಿಚಿತ್ರಗಳೆಂಬಂತೆ ವಿವರಿಸುತ್ತವೆ. ಕನ್ನಡದ ಮೂಲಕ ಕಲಿಸಿದರೆ ಅರ್ಧ ಪುಟದಲ್ಲಿ ಮುಗಿಯುವ ಪಾಠಗಳಿವು.

ಕಷ್ಟಗಳೂ ಇವೆ. ಕನ್ನಡದಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ, ಮೇಜು ಕುರ್ಚಿಗಳೆಲ್ಲ ನಪುಂಸಕ. ಸ್ಪ್ಯಾನಿಷ್‌ನಲ್ಲಿ ಮೇಜು ಹೆಣ್ಣು, ಪುಸ್ತಕ ಗಂಡು, ವಿಶೇಷಣವೂ ಅದಕ್ಕೆ ತಕ್ಕಂತೆ ಬದಲಾಗಬೇಕು. ‘ಇರು’ ಎಂಬುದಕ್ಕೆ ಎರಡು ಕ್ರಿಯಾಪದಗಳಿವೆ. ಎಲ್ಲಕ್ಕಿಂತ ತೊಡಕಿನದು ಸಂಭಾವನೆಯ ಕ್ರಿಯಾರೂಪ. ನಡೆದ ಸಂಗತಿಗೆ ಒಂದು ರೂಪ, ಬಯಕೆಗೆ, ಸಂಶಯಕ್ಕೆ, ಇನ್ನೂ ನಡೆಯದ್ದಕ್ಕೆ ಬೇರೊಂದು ರೂಪ. ‘ನೀನು ನಾಳೆ ಬಂದಾಗ’ ಎಂಬಲ್ಲಿಯೂ ಆ ಎರಡನೆಯ ರೂಪವೇ ಬರಬೇಕು, ಏಕೆಂದರೆ ನಾಳೆ ಇನ್ನೂ ಬಂದಿಲ್ಲ. ಪುಸ್ತಕದಲ್ಲಿ ಇದರ ನಿಯಮಗಳು ಪುಟಗಟ್ಟಲೆ ಇವೆ. ಆದರೆ ಜೊತೆಗಿರುವವರು ದಿನವೂ ಹಾರೈಸುವುದನ್ನು, ಬೇಡಿಕೊಳ್ಳುವುದನ್ನು, ಅನುಮಾನಿಸುವುದನ್ನು ಕೇಳುತ್ತ ಕೇಳುತ್ತ ಅದು ಒಳಗಿಳಿಯುವ ವೇಗವೇ ಬೇರೆ.

ಜೊತೆಗಿದ್ದೂ ಹೊರಗುಳಿಯುವ ಅಪಾಯ

ವಿಮಾನ ಹತ್ತಿದ ಮಾತ್ರಕ್ಕೆ ಭಾಷೆ ಬರುವುದಿಲ್ಲ. ಇದನ್ನು ಸಂಶೋಧನೆಗಳೂ ಒತ್ತಿ ಹೇಳಿವೆ. ಬಾರ್ಬರಾ ಫ್ರೀಡ್ 1995ರಲ್ಲಿ ಸಂಪಾದಿಸಿದ ಗ್ರಂಥದಿಂದ ಈಚೆಗೆ ವಿದೇಶವಾಸದ ಭಾಷಾ ಕಲಿಕೆ ಒಂದು ಅಧ್ಯಯನ ಕ್ಷೇತ್ರವಾಗಿಯೇ ಬೆಳೆದಿದೆ. ಮಾತಿನ ನಿರರ್ಗಳತೆ ಚೆನ್ನಾಗಿ ಬೆಳೆಯುತ್ತದೆ, ವ್ಯಾಕರಣದ ನಿಖರತೆ ಅಷ್ಟೇ ವೇಗದಲ್ಲಿ ಬೆಳೆಯುತ್ತದೆಂಬ ಖಾತ್ರಿಯಿಲ್ಲ ಎಂಬುದು ಈ ಕ್ಷೇತ್ರದಲ್ಲಿ ಮತ್ತೆ ಮತ್ತೆ ಕಂಡುಬಂದ ಸಂಗತಿ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2011ರಿಂದ 2013ರವರೆಗೆ, ಒಟ್ಟು 21 ತಿಂಗಳು, ಫ್ರೆಂಚ್ ಮತ್ತು ಸ್ಪ್ಯಾನಿಷ್ ಓದುವ ವಿದ್ಯಾರ್ಥಿಗಳನ್ನು ಹೊರಡುವ ಮುನ್ನ, ಅಲ್ಲಿದ್ದಾಗ, ಮರಳಿದ ಮೇಲೆ ಹಿಂಬಾಲಿಸಿ ಅವರ ಭಾಷೆಯನ್ನೂ ಒಡನಾಟವನ್ನೂ ದಾಖಲಿಸಿದರು. ಸ್ಪೇನಿನಲ್ಲೋ ಮೆಕ್ಸಿಕೊದಲ್ಲೋ ಇದ್ದರೂ ಇಂಗ್ಲಿಷ್ ಅವರ ದಿನಗಳಿಂದ ಮರೆಯಾಗಲಿಲ್ಲ. ಫೋನಿನಲ್ಲಿ, ಗೆಳೆಯರ ಕೂಟದಲ್ಲಿ, ಮನೆಯವರ ಜೊತೆ ಅದು ಬಂದೇ ಬಂತು.

ವಿದ್ಯಾರ್ಥಿ ಊರುಗಳಲ್ಲಿ ಈ ಸೆಳೆತ ಇನ್ನೂ ಹೆಚ್ಚು. ಪರದೇಶಿಗರಿಗೆ ಪರದೇಶಿಗರೇ ಸುಲಭವಾಗಿ ಸಿಗುತ್ತಾರೆ. ಎಲ್ಲರಿಗೂ ಊರು ಹೊಸತು, ಎಲ್ಲರಿಗೂ ಒಂಟಿತನ, ಎಲ್ಲರ ಬಾಯಲ್ಲೂ ಒಂದಿಷ್ಟು ಇಂಗ್ಲಿಷ್. ಊರಿನ ಹುಡುಗರಿಗೆ ತಮ್ಮ ಹಳೆಯ ಗೆಳೆಯರಿದ್ದಾರೆ, ವಾರಾಂತ್ಯಕ್ಕೆ ಅಪ್ಪ ಅಮ್ಮನ ಮನೆಗೆ ಹೋಗುತ್ತಾರೆ. ಆರು ತಿಂಗಳು ಎಂಟು ದೇಶದವರ ಜೊತೆ ಇಂಗ್ಲಿಷ್ ಮಾತಾಡಿ, ಸ್ಪೇನಿನ ಚಿತ್ರಗಳನ್ನಷ್ಟೇ ಹೊತ್ತುಕೊಂಡು ಮರಳಿದವರು ಬಹಳ ಮಂದಿ ಇದ್ದಾರೆ. ಅವರನ್ನು ಹಳಿಯುವಂತಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಒಂಟಿತನವನ್ನು ತಾಳುವುದು ಸುಲಭದ ಮಾತಲ್ಲ. ತನ್ನ ಭಾಷೆಯಲ್ಲಿ ಚುರುಕಾಗಿ ವಾದಿಸಬಲ್ಲ, ನಗಿಸಬಲ್ಲ ಹುಡುಗಿಗೆ ಹೊಸ ಭಾಷೆಯಲ್ಲಿ ಸಣ್ಣ ವಾಕ್ಯಗಳಷ್ಟೇ ಒದಗುತ್ತವೆ. ತಾನು ದಡ್ಡಿಯಂತೆ ಕಾಣುತ್ತಿದ್ದೇನೆ ಎಂಬ ನೋವು ತಿಂಗಳುಗಟ್ಟಲೆ ಕಾಡುತ್ತದೆ. ಈ ನೋವನ್ನು ಹಾದು ಹೋಗದೆ ಎರಡನೆಯ ಭಾಷೆಯಲ್ಲಿ ಯಾರೂ ದೊಡ್ಡವರಾಗುವುದಿಲ್ಲ ಎಂದು ಹೊರಡುವ ಮೊದಲೇ ಅಧ್ಯಾಪಕರು ಮಕ್ಕಳಿಗೆ ಹೇಳಿರಬೇಕು.

ದಾರಿಗಳಿವೆ. ಸ್ಪ್ಯಾನಿಷ್ ಆಡುವವರ ಜೊತೆಗೇ ಮನೆ ಹಂಚಿಕೊಳ್ಳುವುದು, ಬಾಡಿಗೆ ತುಸು ಹೆಚ್ಚಾದರೂ. ‘ಇಂತೆರ್ಕಾಂಬಿಯೊ’ ಎಂಬ ಕೊಡುಕೊಳ್ಳುವಿಕೆ ಅಲ್ಲಿ ಎಲ್ಲ ಕಡೆ ರೂಢಿಯಲ್ಲಿದೆ. ಅರ್ಧ ಹೊತ್ತು ನಿನ್ನ ಭಾಷೆ, ಅರ್ಧ ಹೊತ್ತು ನನ್ನ ಭಾಷೆ. ಇಂಗ್ಲಿಷ್ ಬಲ್ಲ ಭಾರತೀಯ ವಿದ್ಯಾರ್ಥಿಗೆ ಜೊತೆಗಾರರು ಬೇಗ ಸಿಗುತ್ತಾರೆ. ಹಾಡಿನ ಗುಂಪು, ಚಾರಣದ ಸಂಘ, ಫುಟ್‌ಬಾಲ್ ತಂಡ, ಚರ್ಚಿನ ಸೇವಾ ಕಾರ್ಯ ಹೀಗೆ ವಾರಕ್ಕೊಮ್ಮೆ ಅದೇ ಮುಖಗಳನ್ನು ಕಾಣುವ ಜಾಗವೊಂದು ಬೇಕು. ಹಬ್ಬಗಳಿಗೂ ಹೋಗಬೇಕು. ಈಸ್ಟರ್ ಮುಗಿದ ಎರಡನೆಯ ಸೋಮವಾರ ಸಲಮಾಂಕಾದ ಜನ ಮಾಂಸ, ಮೊಟ್ಟೆ ತುಂಬಿದ ‘ಓರ್ನಾಸೊ’ ಎಂಬ ರೊಟ್ಟಿ ಕಟ್ಟಿಕೊಂಡು ನದಿಯ ದಂಡೆಗೆ ಹೋಗಿ ಕೂಡುತ್ತಾರೆ. ತರಗತಿಯಲ್ಲಿ ವರ್ಷವಿಡೀ ಮಾತಾಡದ ಸಹಪಾಠಿಗಳು ಅಲ್ಲಿ ಕರೆದು ಕೂರಿಸಿಕೊಳ್ಳುತ್ತಾರೆ.

ಯಾವ ಸ್ಪ್ಯಾನಿಷ್?

ಸ್ಪೇನ್ ಈ ಭಾಷೆಯ ಹುಟ್ಟೂರು, ಆದರೆ ಅದನ್ನಾಡುವವರಲ್ಲಿ ಬಹುಸಂಖ್ಯಾತರು ಅಮೆರಿಕ ಖಂಡದವರು. ಮಾತೃಭಾಷೆಯಾಗಿ ಸ್ಪ್ಯಾನಿಷ್ ಆಡುವ ಸುಮಾರು 50 ಕೋಟಿ ಜನರಲ್ಲಿ ಸ್ಪೇನಿನವರು ಹತ್ತನೆಯ ಒಂದು ಪಾಲಿಗಿಂತ ಕಡಿಮೆ. ಅತಿ ಹೆಚ್ಚು ಜನರಿರುವುದು ಮೆಕ್ಸಿಕೊದಲ್ಲಿ. ಅಲ್ಲಿನ ರಾಷ್ಟ್ರೀಯ ಸ್ವಾಯತ್ತ ವಿಶ್ವವಿದ್ಯಾಲಯ 1921ರಿಂದಲೇ ವಿದೇಶಿಯರಿಗೆ ಸ್ಪ್ಯಾನಿಷ್ ಕಲಿಸುತ್ತಿದೆ. ಸಲಮಾಂಕಾದಲ್ಲಿ ಗೆಳೆಯರ ಗುಂಪಿಗೆ ಬಳಸುವ ‘ನೀವು’ ಮೆಕ್ಸಿಕೊದಲ್ಲಿ ಕೇಳಿಸುವುದಿಲ್ಲ, ಅರ್ಜೆಂಟಿನಾದಲ್ಲಿ ‘ನೀನು’ ಎಂಬುದೇ ಬೇರೆ, ಅದರ ಕ್ರಿಯಾರೂಪವೂ ಬೇರೆ. ಧಾರವಾಡ, ಮಂಗಳೂರು, ಮೈಸೂರುಗಳ ಕನ್ನಡವನ್ನು ಕೇಳಿ ಬೆಳೆದವರಿಗೆ ಇದರಲ್ಲಿ ಗಾಬರಿಯಾಗುವಂಥದ್ದೇನೂ ಇಲ್ಲ.

1713ರಲ್ಲಿ ಮ್ಯಾಡ್ರಿಡ್‌ನಲ್ಲಿ ಸ್ಥಾಪನೆಯಾದ ರಾಜ ಅಕಾಡೆಮಿ ಹಿಂದೆ ಭಾಷೆಯ ಏಕೈಕ ಯಜಮಾನನಂತಿತ್ತು. ಇಂದು 23 ಅಕಾಡೆಮಿಗಳು ಒಂದು ಒಕ್ಕೂಟವಾಗಿ ನಿಘಂಟನ್ನೂ ವ್ಯಾಕರಣವನ್ನೂ ಕೂಡಿ ರೂಪಿಸುತ್ತವೆ. 2016ರಲ್ಲಿ ಬಂದ ‘ಸಿಯೆಲೆ’ ಎಂಬ ಸ್ಪ್ಯಾನಿಷ್ ಪರೀಕ್ಷೆಯನ್ನು ಸ್ಪೇನ್ ಸರ್ಕಾರದ ಭಾಷಾ ಸಂಸ್ಥೆಯಾದ ಇನ್ಸ್ತಿತುತೊ ಸೆರ್ವಾಂತೆಸ್ ಮತ್ತು ಸಲಮಾಂಕಾ ಜೊತೆಗೆ ಮೆಕ್ಸಿಕೊ, ಬ್ಯೂನಸ್ ಐರಿಸ್‌ಗಳ ವಿಶ್ವವಿದ್ಯಾಲಯಗಳೂ ಸೇರಿ ನಡೆಸುತ್ತವೆ. ಅದರ ಪ್ರಮಾಣಪತ್ರಕ್ಕೆ ಐದು ವರ್ಷದ ಬಾಳಿಕೆ. ಹಳೆಯ ‘ದೆಲೆ’ ಪರೀಕ್ಷೆಯದು ಜೀವನಪೂರ್ತಿ ಸಲ್ಲುತ್ತದೆ. ಎಲ್ಲಿಗೆ ಹೋಗಬೇಕು ಎಂದು ಕೇಳುವವರಿಗೆ ಉತ್ತರ ಇಷ್ಟೇ: ನೀವು ಯಾರ ಸಾಹಿತ್ಯ ಓದಬೇಕೆಂದಿದ್ದೀರೋ, ಯಾರ ಜೊತೆ ಕೆಲಸ ಮಾಡಬೇಕೆಂದಿದ್ದೀರೋ ಅವರ ಊರಿಗೆ.

ನಾವು ಮಾಡಬೇಕಾದದ್ದು

ಭಾರತದಲ್ಲಿ ಸ್ಪ್ಯಾನಿಷ್ ಓದಿಗೆ ಗಟ್ಟಿ ನೆಲೆಗಳಿವೆ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ, ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದಲ್ಲಿ ಅದನ್ನು ಉನ್ನತ ಮಟ್ಟದವರೆಗೆ ಕಲಿಸುತ್ತಾರೆ. ದೆಹಲಿಯಲ್ಲಿ ಇನ್ಸ್ತಿತುತೊ ಸೆರ್ವಾಂತೆಸ್‌ನ ಕೇಂದ್ರವಿದೆ. ಬೆಂಗಳೂರಿನಲ್ಲಿ ಶಾಲೆಗಳಿಂದ ಹಿಡಿದು ಸಂಜೆ ತರಗತಿಗಳವರೆಗೆ ಸ್ಪ್ಯಾನಿಷ್ ಕಲಿಯುವವರು ಸಿಗುತ್ತಾರೆ. ಲ್ಯಾಟಿನ್ ಅಮೆರಿಕದ ಗ್ರಾಹಕರಿಗೆ ಸೇವೆ ಕೊಡುವ ಕಂಪನಿಗಳಲ್ಲಿ ಅವರಿಗೆ ಕೆಲಸವೂ ಉಂಟು. ಇಲ್ಲದಿರುವುದು ಆ ಭಾಷೆಯ ನೆಲದಲ್ಲಿ ಕಳೆಯುವ ಸೆಮಿಸ್ಟರ್. ಅದು ನಮ್ಮಲ್ಲಿ ಇನ್ನೂ ಹಣವಿದ್ದವರ ಮಕ್ಕಳ ಸೌಭಾಗ್ಯ ಅಥವಾ ಬೆರಳೆಣಿಕೆಯ ವಿದ್ಯಾರ್ಥಿವೇತನಗಳ ಪುಣ್ಯ. ಶಿರಸಿಯಿಂದಲೋ ಸಿಂಧನೂರಿನಿಂದಲೋ ಬಂದು ಶ್ರದ್ಧೆಯಿಂದ ಭಾಷೆ ಓದುವ ವಿದ್ಯಾರ್ಥಿಗೆ ಪದವಿಯ ಅರ್ಧ ಭಾಗವಷ್ಟೇ ದಕ್ಕುತ್ತಿದೆ.

ಇದರ ನಷ್ಟ ನಮ್ಮ ಪುಸ್ತಕದ ಕಪಾಟಿನಲ್ಲೂ ಕಾಣುತ್ತದೆ. ನೆರೂದಾ, ಲೋರ್ಕಾ, ಬೋರ್ಹೆಸ್, ಮಾರ್ಕೆಸ್ ಕನ್ನಡಕ್ಕೆ ಬಹುಮಟ್ಟಿಗೆ ಇಂಗ್ಲಿಷಿನ ಮೂಲಕ ಬಂದರು. ಅತ್ತ ಠಾಕೂರರು ಸ್ಪ್ಯಾನಿಷ್‌ಗೆ ಹೋದದ್ದೂ ಹಾಗೆಯೇ. 1915ರಿಂದ ಸೆನೋಬಿಯಾ ಕಂಪ್ರುಬಿ ಮತ್ತು ಕವಿ ಹುವಾನ್ ರಮೋನ್ ಹಿಮೆನೆಸ್ ದಂಪತಿ ಅವರ ಕೃತಿಗಳನ್ನು ಇಂಗ್ಲಿಷಿನಿಂದಲೇ ಅನುವಾದಿಸಿದರು. ಆ ಅನುವಾದಕರಿಗೆಲ್ಲ ನಾವು ಋಣಿಗಳು. ಆದರೆ ಒಂದು ಶತಮಾನ ಕಳೆದ ಮೇಲೂ ಕನ್ನಡ ಮತ್ತು ಸ್ಪ್ಯಾನಿಷ್ ನಡುವೆ ನೇರ ದಾರಿ ಸವೆದಿಲ್ಲ ಎಂದರೆ, ಆ ಎರಡೂ ಭಾಷೆಗಳೊಳಗೆ ಬಾಳಿದವರನ್ನು ನಾವು ಬೆಳೆಸಲಿಲ್ಲ ಎಂದೇ ಅರ್ಥ. ನಮ್ಮ ವಿಶ್ವವಿದ್ಯಾಲಯಗಳು ವಿದೇಶಿ ಭಾಷೆಯ ಪದವಿ ಕೊಡುವುದಾದರೆ ಒಂದು ಸೆಮಿಸ್ಟರಿನ ವಿದೇಶವಾಸವನ್ನು ಕ್ರೆಡಿಟ್ ಸಮೇತ ಪಠ್ಯಕ್ರಮದೊಳಗೆ ಇಡಬೇಕು, ಬಡ ವಿದ್ಯಾರ್ಥಿಯ ಖರ್ಚನ್ನು ಸರ್ಕಾರ ಹೊರಬೇಕು. ಪ್ರತಿಭಾವಂತರಾದ ಹತ್ತು ಜನರಿಂದ ಆರಂಭಿಸಿದರೂ ಸಾಕು.

ಸಲಮಾಂಕಾದಿಂದ ಕಲಿಯಬೇಕಾದ ಇನ್ನೊಂದು ಪಾಠ ಖರ್ಚಿಲ್ಲದ್ದು. ಅದು ಕಲಿಯಲು ಬಂದವರನ್ನು ನಡೆಸಿಕೊಳ್ಳುವ ಬಗೆ. ಅಲ್ಲಿನ ಅಂಗಡಿಯವರು, ಬಸ್ಸಿನ ಚಾಲಕರು, ಮನೆಯೊಡತಿಯರು ಹೊಸಬರ ತೊದಲು ಸ್ಪ್ಯಾನಿಷ್‌ಗೆ ಸ್ಪ್ಯಾನಿಷ್‌ನಲ್ಲೇ ಉತ್ತರಿಸುತ್ತಾರೆ. ಶತಮಾನದ ರೂಢಿಯಿಂದ ಅವರಿಗೆ ಆ ತಾಳ್ಮೆ ಬಂದಿದೆ. ನಮ್ಮಲ್ಲೂ ಅಂಥ ನೆಲೆಗಳಿದ್ದವು. 1853ರಲ್ಲಿ ಕರ್ನಾಟಕಕ್ಕೆ ಬಂದ ಜರ್ಮನಿಯ ಕಿಟೆಲ್, 1894ರ ತಮ್ಮ ಮಹಾನಿಘಂಟಿಗೆ ಬೇಕಾದ ಕನ್ನಡವನ್ನು ಇಲ್ಲಿನ ಜನರ ನಡುವೆ ಬಾಳಿಯೇ ಕಲಿತರು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ದಕ್ಷಿಣ ಪ್ರಾದೇಶಿಕ ಕೇಂದ್ರದಲ್ಲಿ ಬೇರೆ ರಾಜ್ಯಗಳ ಶಿಕ್ಷಕರು ಹತ್ತು ತಿಂಗಳು ಇದ್ದು ಕನ್ನಡ ಕಲಿತು ಹೋಗಿದ್ದಾರೆ. ಇಂದು ಬೆಂಗಳೂರಿನಲ್ಲಿ ಕನ್ನಡ ಕಲಿಯಲು ಹೊರಟ ಹೊರಗಿನವರು ಎರಡು ವಾಕ್ಯ ಆಡುವಷ್ಟರಲ್ಲಿ ನಾವು ಇಂಗ್ಲಿಷಿಗೋ ಹಿಂದಿಗೋ ತಿರುಗಿಬಿಡುತ್ತೇವೆ. ಅವರಿಗೆ ನೆರವಾಗಬೇಕೆಂಬ ಒಳ್ಳೆಯ ಮನಸ್ಸೇ ಅದರ ಹಿಂದಿರುತ್ತದೆ, ಆದರೆ ಅವರು ಕಲಿಯಬೇಕಿದ್ದ ಪಾಠ ಅಲ್ಲಿಗೇ ನಿಲ್ಲುತ್ತದೆ. ಮೈಸೂರು, ಧಾರವಾಡ, ಶಿವಮೊಗ್ಗಗಳು ಮನಸ್ಸು ಮಾಡಿದರೆ ಕನ್ನಡದ ಸಲಮಾಂಕಾಗಳಾಗಬಲ್ಲವು. ಅದಕ್ಕೆ ವಿಶ್ವವಿದ್ಯಾಲಯಗಳು ತರಗತಿ ತೆರೆಯಬೇಕು, ಮನೆಗಳು ಬಾಡಿಗೆದಾರರಿಗಿಂತ ತುಸು ಹತ್ತಿರದವರಾಗಿ ಅವರನ್ನು ಇರಿಸಿಕೊಳ್ಳಬೇಕು. ಉಳಿದ ನಾವೆಲ್ಲ ಅವರ ತಪ್ಪು ಕನ್ನಡಕ್ಕೆ ಸರಿಗನ್ನಡದಲ್ಲಿ, ನಿಧಾನವಾಗಿ, ನಗುಮೊಗದಿಂದ ಉತ್ತರ ಕೊಡಬೇಕು.